ಸಾವಿರಕ್ಕೆ ಮೂವತ್ತಾರು

ಗಾಜಿನ ಮೇಲೆ ಒಂದೇ ಹನಿ.
ಮುಚ್ಚಳ ಒತ್ತಿ, ಟ್ಯೂಬ್‌ಲೈಟಿನತ್ತ ಹಿಡಿದು, ಒಂದು ಕಣ್ಣು ಮುಚ್ಚಿ
ನೋಡುತ್ತೇನೆ: ಮೇಲೆ ನೀಲಿ, ಕೆಳಗೆ ಬಿಳಿ,
ನಡುವಿನ ಗೆರೆ ಮೂವತ್ತಾರರಲ್ಲಿ.
ಸಾವಿರ ಪಾಲು ಕಡಲಿನಲ್ಲಿ ಮೂವತ್ತಾರು ಪಾಲು ಉಪ್ಪು.
ದಿನಕ್ಕೆ ನಾಲ್ಕು ಸಲ, ಎಂಟು ತೊಟ್ಟಿ,
ರಿಜಿಸ್ಟರಿನಲ್ಲಿ ಬರೆದು ಸಹಿ: ಹೊನ್ನಪ್ಪ ಬೀರಾ ಆಗೇರ,
ಮಿರ್ಬಾತ್, ಧೋಫಾರ್.

ನನ್ನ ಅವ್ವಿಗೆ ಗಾಜು ಬೇಕಿರಲಿಲ್ಲ.
ಸಾಣಿಕಟ್ಟಾದ ಆಗರದಲ್ಲಿ ಕಿರುಬೆರಳದ್ದಿ ನಾಲಗೆಗಿಟ್ಟು
‘ಇನ್ನೂ ಎರಡು ಬಿಸಿಲು’ ಅನ್ನುವಳು.
ಎರಡೇ ಬಿಸಿಲಿಗೆ ಮಡಿಯ ತುಂಬ ಹರಳು.
ಇಲ್ಲಿ ಯಾರೂ ನೋಡದಾಗ ನಾನೂ ಬೆರಳು ನೆಕ್ಕುತ್ತೇನೆ.
ಮೂವತ್ತಾರೂ ಮೂವತ್ನಾಲ್ಕೂ ನನಗೆ ಒಂದೇ ರುಚಿ.

ತೊಟ್ಟಿಯೊಳಗಿನ ಇವಕ್ಕೆ ಹಾಗಲ್ಲ.
ಕಂಪನಿಯ ಕಾಗದದಲ್ಲಿ ಅಬಲೋನ್, ಬಖೀತನ ಬಾಯಲ್ಲಿ ಸುಫೈಲಾ,
ನಾನು ಮನಸ್ಸಿನಲ್ಲೇ ಕಿವಿ ಎನ್ನುತ್ತೇನೆ:
ಕಿವಿಯಂಥ ಚಿಪ್ಪು, ಅಂಚಿಗೆ ಸಾಲು ತೂತು,
ಒಳಗೆ ಒಂಟಿ ಕಾಲು,
ಕಾಲಿನೊಳಗೆ ನೀಲಿ ಛಾಯೆಯ ನೆತ್ತರು.
ಬಖೀತನ ಅಜ್ಜಿ ತುಫೂಲ್ ಉಸಿರು ಕಟ್ಟಿ ಮುಳುಗಿ
ಬಂಡೆಯಿಂದ ಕೀಳುತ್ತಿದ್ದಳಂತೆ.
ಮೊದಲ ಏಟಿಗೇ ಬರಬೇಕು; ತಪ್ಪಿದರೆ
ಬಂಡೆ ಕಿತ್ತು ಬಂದೀತು, ಅದು ಬಾರದು.

ಆ ರಾತ್ರಿಯ ಚಂಡಮಾರುತಕ್ಕೊಂದು ಹೆಸರಿತ್ತು, ಮರೆತಿದ್ದೇನೆ.
ವರ್ಷಗಟ್ಟಲೆ ಒಣಗಿ ಬಿದ್ದಿದ್ದ ವಾದಿ
ಒಂಟೆಯ ಹೆಜ್ಜೆ, ಖಾಲಿ ಬಾಟಲಿ,
ಯಾರದೋ ಪಿಕಪ್ಪಿನ ಬಾಗಿಲು, ಎಲ್ಲ ಹೊತ್ತು
ಕೆಂಪಗೆ ಕಡಲಿಗಿಳಿಯಿತು.
ಸಿಹಿನೀರು ಹಗುರ. ಕಡಲ ಮೇಲೆ ಹಾಸಿಕೊಂಡು ಮಲಗುತ್ತದೆ.
ನಮ್ಮ ಪೈಪು ಆ ಮೇಲುನೀರನ್ನೇ ಎಳೆಯುತ್ತಿತ್ತು.

ಹತ್ತು ಗಂಟೆ: ಮೂವತ್ತೆರಡು.
ಹನ್ನೊಂದೂವರೆ: ಇಪ್ಪತ್ತೇಳು.
ಆಮೇಲೆ ಬರೆಯಲಿಲ್ಲ. ಮೊಫಿಜುಲ್ ಪಂಪು ನಿಲ್ಲಿಸಲು ಓಡಿದ,
ಒಂದು ಚಪ್ಪಲಿ ಕೆಸರಿನಲ್ಲೇ ಬಿಟ್ಟು.

ಉಪ್ಪು ತಿಂದವ ನೀರು ಕುಡಿಯಲೇಬೇಕು:
ನಮ್ಮಲ್ಲಿ ಈ ಗಾದೆ ತಪ್ಪು ಮಾಡಿದವರಿಗೆ.
ಇವುಗಳ ತಪ್ಪೇನು?
ಕಡಲಿನಷ್ಟೇ ಉಪ್ಪು ಮೈಯಲ್ಲಿಟ್ಟು ಬದುಕಿದ್ದು.
ಬಾಯಾರದೆ, ಬಾಯಿ ತೆರೆಯದೆ
ಮೈಯಿಡೀ ನೀರು ಕುಡಿದವು,
ಬೇಡ ಎಂದು ಮುಚ್ಚಲು ಬಾಗಿಲೇ ಇಲ್ಲದೆ.
ಕಾಲು ಉಬ್ಬಿತು, ಬಿಳುಚಿತು.
ಉಳಿಗೂ ಜಗ್ಗದ್ದು ಬೆರಳು ತಾಗಿದ್ದೇ ಉದುರಿತು
ತಳಕ್ಕೆ, ಅಂಗಾತ,
ಒಂದಾದ ಮೇಲೊಂದು, ಲೆಕ್ಕ ತಪ್ಪುವಷ್ಟು.

ಗೋದಾಮಿನಲ್ಲಿ ಹನ್ನೆರಡು ಚೀಲ ಉಪ್ಪಿತ್ತು.
ನಾನು ಆಗರದವನು, ಉಪ್ಪು ಕಂಡರೆ ಕೈ ತಡೆಯದು.
ಹೊಲಿಗೆ ಬಿಚ್ಚಿ ಸುರಿಯಹೊರಟವನಿಗೆ
ಅವ್ವಿಯ ಕೈ ನೆನಪಾಯಿತು:
ತೂಬಿನ ಹಲಗೆ ಎರಡೇ ಬೆರಳು ಎತ್ತಿ,
‘ನೀರು ಬಂದದ್ದು ಮಡಿಗೂ ಗೊತ್ತಾಗಬಾರದು ಮಗಾ.’

ಇಳಿದದ್ದು ಅರ್ಧ ರಾತ್ರಿಯಲ್ಲಿ.
ಏರಿಸಲು ಮೂರು ದಿನ.
ಗಂಟೆಗೊಂದು ಬೋಗುಣಿ, ಬಕೆಟ್ಟಿನಲ್ಲಿ ಕರಗಿಸಿ
ಅಂಚಿನಿಂದ ಅಂಚಿಗೆ,
ಹನಿ, ಗಾಜು, ಗೆರೆ, ಮತ್ತೆ ಬೋಗುಣಿ.
ಮೂರು ತೊಟ್ಟಿ ಹೋದವು. ಚಿಪ್ಪು ಬಳಿಯುವಾಗ
ಒಳಮೈ ಕಾಮನಬಿಲ್ಲಿನ ಹಾಗೆ ಹೊಳೆಯಿತು;
ಯಾರೂ ಚಂದ ಎನ್ನಲಿಲ್ಲ.

ಸಾವಿನ ಕಾರಣ ಎಂಬ ಕಾಲಮಿನಲ್ಲಿ ‘ಮಳೆ’ ಎಂದು ಬರೆದೆ.
ಮ್ಯಾನೇಜರ್ ಹೊಡೆದುಹಾಕಿ ‘ಲವಣಾಂಶದ ಏರಿಳಿತ’ ಎಂದು ಬರೆಸಿದರು.
ಸರಿಯೇ ಅದು. ಆದರೂ ಮಳೆಯೇ.

ನಾಲ್ಕನೆಯ ರಾತ್ರಿ, ಐದನೆಯ ತೊಟ್ಟಿಯ ಬಳಿ
ಪಾಚಿ ಕೆರೆಯುವ ಸದ್ದು ಕೇಳಿದಂತಾಗಿ
ಟಾರ್ಚು ಆರಿಸಿ, ತೋಳು ಮುಳುಗಿಸಿ,
ಒಂದು ಚಿಪ್ಪಿನಡಿಗೆ ಉಗುರು ತೂರಿಸಿದೆ.

ಬರಲಿಲ್ಲ.